ಎಣಿಸದೆ ಬರೆದ ಇಪ್ಪತ್ತು

೧

ಹೇಗೆ ಶುರು ಮಾಡಲಿ? "ಕಪಿಲೆಯ ದಡದಲ್ಲಿ ನಿಂತ ಆ ಹುಡುಗಿಯ ಕಣ್ಣುಗಳಲ್ಲಿ" ಎಂದು ಶುರು ಮಾಡಿದ್ದೆ. ಹುಡುಗಿ ದಡದಲ್ಲಿ ನಿಂತಿರಲಿಲ್ಲ, ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದಳು. ಸ್ಕ್ರೀನಿಗೆ ಬಗ್ಗಿ ಓದಿದಳು.

"ಸಾ, ಕವರ್ ಲೆಟರ್‌ಗೆ ಹೊಳೆ ಯಾಕೆ ಸಾ?"

ಸರಿ. ಹೊಳೆ ಡಿಲೀಟ್.

೨

ಓದುಗರೇ, ಪರಿಸ್ಥಿತಿ ಹೀಗಿದೆ. ಇವಳು ನಂದಿತಾ, ಬಿಳಿಗೆರೆಯವಳು. ನಾನು ನಂಜನಗೂಡಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು, ಪಿಯುಸಿಯಲ್ಲಿ ಇವಳ ಮೇಷ್ಟ್ರು, ಆಗಾಗ ಕಥೆ ಬರೆಯುವ ಚಟದವನು. ಈ ವರ್ಷ ಇವಳು ಬಿಎಸ್ಸಿ ನರ್ಸಿಂಗ್ ಮುಗಿಸಿದಳು. ಹದಿನೇಳು ಕಡೆ ಅರ್ಜಿ ಹಾಕಿದಳು, ಹದಿನೇಳು ಕಡೆಯೂ ಅನುಭವ ಎಷ್ಟು ವರ್ಷ ಎಂದು ಕೇಳಿದರು. ಮೈಸೂರಿನ ಒಂದೇ ಒಂದು ಆಸ್ಪತ್ರೆ ಐಸಿಯುಗೆ ಫ್ರೆಷರ್ಸ್ ಬೇಕು ಎಂದಿದೆ. ರೆಸ್ಯೂಮೆ, ಕವರ್ ಲೆಟರ್ ಇವತ್ತು ಸಂಜೆ ಐದರೊಳಗೆ ಮೇಲ್ ಆಗಬೇಕು. ಈಗ ನಾಲ್ಕು ಗಂಟೆ ಐದು ನಿಮಿಷ.

(ಪತ್ರದ ಪಕ್ಕದಲ್ಲೇ ಇನ್ನೊಂದು ಫೈಲ್ ತೆರೆದಿಟ್ಟಿದ್ದೇನೆ. ನೀವು ಓದುತ್ತಿರುವುದು ಅದನ್ನೇ. ಸ್ವಾಮಿ ಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು ಎಂದುಕೊಂಡಿದ್ದೆ. ಅವಳಿಗೆ ಹೇಳಿರಲಿಲ್ಲ.)

೩

ರೆಸ್ಯೂಮೆ ಬೇಗ ಮುಗಿಯಿತು. ತಂದೆಯ ಹೆಸರು ಮಾದಯ್ಯ, ಅಂಕ ಎಪ್ಪತ್ತೊಂದು ಪರ್ಸೆಂಟ್. ಗೆಳತಿಯ ರೆಸ್ಯೂಮೆಯನ್ನು ಕಾಪಿ ಮಾಡಿ ತಂದಿದ್ದಳು. ಹವ್ಯಾಸ: ಈಜು ಎಂದಿತ್ತು.

"ನಿಂಗೆ ಈಜು ಬರುತ್ತೇನಮ್ಮ?"

"ಇಲ್ಲ ಸಾ."

ಈಜೂ ಡಿಲೀಟ್. ಕೊನೆಯಲ್ಲಿ ಎಲ್ಲ ರೆಸ್ಯೂಮೆಗಳಲ್ಲೂ ಇರುವ ಆ ಸಾಲು ಇತ್ತು: ಮೇಲಿನ ಮಾಹಿತಿಯೆಲ್ಲವೂ ನನಗೆ ತಿಳಿದ ಮಟ್ಟಿಗೆ ಸತ್ಯ ಎಂದು ಪ್ರಮಾಣೀಕರಿಸುತ್ತೇನೆ. ಸ್ಥಳ, ದಿನಾಂಕ, ಸಹಿ. ಇಷ್ಟು ವರ್ಷದಲ್ಲಿ ನೂರಾರು ರೆಸ್ಯೂಮೆ ತಿದ್ದಿದ್ದೇನೆ. ಆ ಸಾಲನ್ನು ಯಾರೂ ಓದಿದ್ದು ನೋಡಿಲ್ಲ.

ತೊಂದರೆ ಇದ್ದದ್ದು ಕವರ್ ಲೆಟರಿನಲ್ಲಿ. ಆಸ್ಪತ್ರೆಯವರು ಒಂದು ಷರತ್ತು ಹಾಕಿದ್ದರು: ತರಬೇತಿಯಲ್ಲಿ ನೀವು ಮಾಡಿದ ಒಂದು ತಪ್ಪನ್ನು ಪತ್ರದಲ್ಲಿ ಬರೆಯಿರಿ.

"ಏನಾದ್ರೂ ಮಾಡಿದ್ದೀಯಾ?" ಎಂದೆ. ಸುಮ್ಮನೆ ಕೇಳಿದ್ದೆ. ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

೪

ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಇವಳ ತರಬೇತಿಯ ಪೋಸ್ಟಿಂಗ್. (ಹುಡುಕಲು ಹೋಗಬೇಡಿ. ಅದನ್ನು ಈ ಕಥೆಗೆಂದೇ ನಾನು ಕಟ್ಟಿಸಿದ್ದು. ಲಿಫ್ಟ್ ಇನ್ನೂ ಹಾಕಿಸಿಲ್ಲ.) ವಾರ್ಡಿನಲ್ಲಿ ಹನ್ನೆರಡು ಬೆಡ್. ಡಾಕ್ಟರು ರೌಂಡ್ಸಿಗೆ ಬರುವಷ್ಟರಲ್ಲಿ ಎಲ್ಲರ ಚಾರ್ಟ್ ತುಂಬಿರಬೇಕು: ಜ್ವರ, ನಾಡಿ, ಬಿಪಿ, ಉಸಿರು.

"ಜ್ವರ ನೋಡ್ತೀವಿ ಸಾ, ಬಿಪಿ ನೋಡ್ತೀವಿ. ಉಸ್ರು ಮಾತ್ರ ಯಾರೂ ಎಣ್ಸಲ್ಲ. ಒಬ್ಬೊಬ್ರಿಗೂ ಪೂರ್ತಿ ಒಂದ್ ನಿಮ್ಷ ಎದೆ ನೋಡ್ಕಂಡು ನಿಂತ್ಕಬೇಕು. ಟೈಮೆಲ್ಲಿ ಅದೆ? ಎಲ್ರಿಗೂ ನಾರ್ಮಲ್ ಅಂತ ಇಪ್ಪತ್ತು ಬರ್ಕಂಡು ಓಯ್ತೀವಿ. ಒಂದೇ ತರ ಇದ್ರೆ ಡೌಟ್ ಬತ್ತದೆ ಅಂತ ಮಧ್ಯೆ ಮಧ್ಯೆ ಹದಿನೆಂಟು ಹಾಕ್ತೀವಿ. ಸೀನಿಯರ್ಸೇ ಏಳ್ಕೊಟ್ಟಿದ್ದು."

ಏಳನೇ ಬೆಡ್ಡಿನಲ್ಲಿ ಬನ್ನೂರಿನ ಗುರುಬಸಮ್ಮ. ಸೊಂಟದ ಮೂಳೆ ಮುರಿದು ಬಂದ ಅಜ್ಜಿ. ಇವಳನ್ನು ಮಗ ಎಂದೇ ಕರೆಯುತ್ತಿದ್ದರಂತೆ. ಒಂದು ಬೆಳಿಗ್ಗೆ ಅವರದೂ ಇಪ್ಪತ್ತು ಎಂದು ಬರೆದಳು. ಡಾಕ್ಟರು ಚಾರ್ಟ್ ನೋಡಿ ಮುಂದಕ್ಕೆ ಹೋದರು. ಒಂದು ಗಂಟೆಯ ಮೇಲೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಭಾನುಪ್ರಿಯಾ ಮಾತ್ರೆ ಟ್ರೇ ಹಿಡಿದು ಬಂದವರು ಆ ಬೆಡ್ಡಿನ ಹತ್ತಿರ ನಿಂತುಬಿಟ್ಟರು. ವಾಚ್ ನೋಡುತ್ತಾ ಎಣಿಸಿದರು. ಮೂವತ್ತಾರು. ಆಕ್ಸಿಜನ್ ಹಾಕಿ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು.

ಭಾನುಪ್ರಿಯಾ ಸಿಸ್ಟರ್ ಬೈಯಲಿಲ್ಲವಂತೆ. ಚಾರ್ಟ್ ತೋರಿಸಿ, "ಎಣ್ಸಿದ್ಯಾ?" ಎಂದಷ್ಟೇ ಕೇಳಿದರಂತೆ.

ಗಂಟೆ ನಾಲ್ಕು ಹದಿನೆಂಟು.

೫

ಮೊದಲ ಡ್ರಾಫ್ಟ್ ಬರೆದೆ. ನನ್ನ ಕೈ ಓಡಿದರೆ ನಿಲ್ಲುವುದಿಲ್ಲ. ಅದರಲ್ಲಿ ನಂದಿತಾ ರೌಂಡ್ಸ್ ಮುಗಿದ ಕೂಡಲೇ ಮನಸ್ಸು ತಡೆಯದೆ ವಾಪಸ್ ಬಂದು, ಉಸಿರೆಣಿಸಿ, ತಪ್ಪನ್ನು ತಾನೇ ಕಂಡುಹಿಡಿದು ಡಾಕ್ಟರನ್ನು ಕೂಗುತ್ತಾಳೆ.

"ಅಂಗೆಲ್ಲ ಬರೀಬ್ಯಾಡಿ ಸಾ. ರೆಫರೆನ್ಸ್‌ಗೆ ಭಾನುಪ್ರಿಯಾ ಸಿಸ್ಟರ್ ನಂಬರೇ ಕೊಟ್ಟಿದ್ದೀನಿ."

"ಬೇರೆಯವರ ನಂಬರ್ ಹಾಕೋಣ."

"ಬೇರೆ ಯಾರೂ ಇಲ್ಲ ಸಾ."

೫ (ಮತ್ತೆ)

ಎರಡನೆಯದು ಜಾಣ ಡ್ರಾಫ್ಟ್. ನನ್ನ ತಪ್ಪೆಂದರೆ ಎಲ್ಲ ಕೆಲಸವನ್ನೂ ನಾನೇ ಮಾಡಲು ಹೋಗುವುದು, ವಿಶ್ರಾಂತಿ ಮರೆಯುವುದು ಇತ್ಯಾದಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ಬಹಳ ಹೊತ್ತು ಓದಿದಳು.

"ಇದೇ ಇರ್ಲಿ ಸಾ. ನಂಗೆ ಕೆಲ್ಸ ಬೇಕು."

ನನಗೆ ಸಮಾಧಾನವಾಯಿತು. (ಆದದ್ದನ್ನು ಒಪ್ಪಿಕೊಳ್ಳುತ್ತೇನೆ.) ಸಹಿ ಹಾಕು ಎಂದು ರೆಸ್ಯೂಮೆಯ ಪ್ರಿಂಟ್ ಕೊಟ್ಟೆ, ಸ್ಕ್ಯಾನ್ ಮಾಡಬೇಕಿತ್ತು. ಪೆನ್ನು ಹಿಡಿದು ಆ ಪ್ರಮಾಣದ ಸಾಲಿನ ಮೇಲೆ ನಿಂತುಬಿಟ್ಟಳು. ಸ್ಥಳ ಬರೆದಳು, ದಿನಾಂಕ ಬರೆದಳು. ಸಹಿ ಮಾಡಲಿಲ್ಲ.

ನಾಲ್ಕು ಮೂವತ್ತೊಂಬತ್ತು. ನನಗೆ ಸಿಟ್ಟು ಬಂತು. "ಐಸಿಯುಗೆ ಸೇರಿದ ಮೇಲೆ ನಿಯತ್ತಾಗಿರಮ್ಮ, ಯಾರು ಬೇಡ ಅಂದ್ರು?" ಎಂದು ಗದರಿ ಕಾಫಿ ತರಲು ಒಳಗೆ ಹೋದೆ.

೬

ಹಾಗೆ ಹೋಗಬಾರದಿತ್ತು. ವಾಪಸ್ ಬರುವಷ್ಟರಲ್ಲಿ ಅವಳು ಇನ್ನೊಂದು ಫೈಲನ್ನು ಓದುತ್ತಿದ್ದಳು. ಅದರಲ್ಲಿ ಆಗಲೇ ಎರಡು ಮುಕ್ತಾಯಗಳನ್ನು ಬರೆದಿಟ್ಟಿದ್ದೆ.

ಮುಕ್ತಾಯ ಒಂದು: ಗುರುಬಸಮ್ಮ ಆಂಬುಲೆನ್ಸಿನಲ್ಲೇ ತೀರಿಕೊಳ್ಳುತ್ತಾರೆ. ನಂದಿತಾ ಬಿಳಿ ಕೋಟನ್ನು ಮಡಿಸಿ ಟ್ರಂಕಿಗೆ ಹಾಕುತ್ತಾಳೆ.

ಮುಕ್ತಾಯ ಎರಡು: ಐಸಿಯುನಲ್ಲಿ ನಂದಿತಾಳ ಮೊದಲ ದಿನ. ಗುರುಬಸಮ್ಮ ಕೋಲೂರಿಕೊಂಡು ಬಂದು ರಸಬಾಳೆಯ ಚಿಪ್ಪು ಕೊಡುತ್ತಾರೆ.

"ಸತ್ತೋದ್ರಾ?" ಎಂದಳು.

"ಕಥೆ ಕಣಮ್ಮ ಅದು."

"ಬದುಕಿದ್ರಾ ಅಂಗಾದ್ರೆ?"

"ಅದೂ ಕಥೆನೇ."

"ನಾಲ್ಕ್ ತಿಂಗ್ಳಾಯ್ತು ಸಾ, ಏನಾದ್ರು ಅಂತ ನಂಗೇ ಗೊತ್ತಿಲ್ಲ. ಕೇಳಕ್ಕೆ ಧೈರ್ಯ ಇಲ್ಲ. ನೀವು ಓಗಿ ನೋಡ್ಲಿಲ್ಲ, ಯಾರ್ನೂ ಕೇಳ್ಲಿಲ್ಲ. ಕೂತಲ್ಲೇ ಒಂದು ಬರ್ದ್ರಿ, ಒಂದೇ ಆದ್ರೆ ಡೌಟ್ ಬತ್ತದೆ ಅಂತ ಇನ್ನೊಂದು ಬರ್ದ್ರಿ. ಇದೂ ಇಪ್ಪತ್ತೇ ಅಲ್ವಾ ಸಾ?"

ಓದುಗರೇ, ಮೂವತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಎಷ್ಟು ಜನರನ್ನು ಎಣಿಸದೆ ಸಾಯಿಸಿದ್ದೇನೋ, ಎಷ್ಟು ಜನರನ್ನು ಎಣಿಸದೆ ಬದುಕಿಸಿದ್ದೇನೋ. ಕಾಫಿ ಲೋಟ ಕೆಳಗಿಟ್ಟೆ. ನನಗೆ ನಾಚಿಕೆಯಾಯಿತು.

ಎರಡೂ ಮುಕ್ತಾಯ ಡಿಲೀಟ್.

೮

(ಏಳು ಬಿಟ್ಟಿದ್ದೇನೆ. ಅದು ಗುರುಬಸಮ್ಮನವರ ಬೆಡ್.)

ಕೀಬೋರ್ಡ್ ಎಳೆದುಕೊಂಡು ಪತ್ರವನ್ನು ಅವಳೇ ಬರೆದಳು. ಇಂಗ್ಲಿಷ್ ಅಲ್ಲಲ್ಲಿ ಎಡವಿತ್ತು, ನಾನು ಮುಟ್ಟಲಿಲ್ಲ. ಎಣಿಸಲಿಲ್ಲ, ಇಪ್ಪತ್ತು ಎಂದು ಬರೆದೆ, ಮೂವತ್ತಾರು ಇತ್ತು, ಬೇರೆಯವರು ಕಂಡುಹಿಡಿದರು. ಅಲ್ಲಿಗೆ ಬಂದು ಕೈ ನಿಂತಿತು. ಕೊನೆಯ ಸಾಲು ಅರ್ಧದಲ್ಲಿತ್ತು: ಆಮೇಲೆ ಆ ರೋಗಿ...

ನಾಲ್ಕು ಐವತ್ತೆರಡು.

"ಗೊತ್ತಿಲ್ಲ ಅಂತ ಹಾಕಿ ಕಳಿಸಿಬಿಡು," ಎಂದೆ.

"ಕೇಳ್ದಲೇ ಗೊತ್ತಿಲ್ಲ ಅನ್ನೋದೂ ತಪ್ಪೇ ಸಾ. ಏನಾಗಿದ್ರೂ ಅದ್ನೇ ಬರೀತೀನಿ. ಆಮೇಲೆ ಸೈನ್ ಆಕ್ತೀನಿ."

ಫೋನ್ ತೆಗೆದು ಭಾನುಪ್ರಿಯಾ ಸಿಸ್ಟರ್ ನಂಬರ್ ಒತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ರಿಂಗ್ ಆಗುತ್ತಿದೆ.

ಇಲ್ಲಿ ನಿಮಗೊಂದು ಮುಕ್ತಾಯ ಕೊಡಬೇಕಾದವನು ನಾನು. ಸಿಸ್ಟರ್ ಫೋನ್ ಎತ್ತಿದರೆ, ಎತ್ತದಿದ್ದರೆ, ಅಜ್ಜಿ ಇದ್ದಾರೆ ಎಂದರೆ, ಇಲ್ಲ ಎಂದರೆ. ಮೇಲ್ ಹೋದರೆ, ಗಂಟೆ ಐದಾಗಿಬಿಟ್ಟರೆ. ಎಲ್ಲವನ್ನೂ ಬರೆಯಬಲ್ಲೆ, ಚೆನ್ನಾಗಿಯೇ ಬರೆಯಬಲ್ಲೆ. ಬರೆಯುವುದಿಲ್ಲ.

ಉಸಿರು ಎಣಿಸುವಾಗ ರೋಗಿಗೆ ಹೇಳಬಾರದಂತೆ, ಹೇಳಿದರೆ ಉಸಿರು ಬದಲಾಗುತ್ತದೆ. ನಾಡಿ ನೋಡುವ ಹಾಗೆ ಕೈ ಹಿಡಿದು ಎದೆಯನ್ನು ನೋಡುತ್ತಿರಬೇಕಂತೆ. ಅವಳೇ ಹೇಳಿದ್ದು. ನಾನು ಸ್ಕ್ರೀನ್ ನೋಡುವ ಹಾಗೆ ಕೂತು ಅವಳ ಉಸಿರು ಎಣಿಸುತ್ತಿದ್ದೇನೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡರಿಂದ ಹೊರಟ ಸೆಕೆಂಡಿನ ಮುಳ್ಳು ಆರು ದಾಟಿದೆ. ಹದಿನೈದು. ಹದಿನಾರು. ಇನ್ನೂ ರಿಂಗ್ ಆಗುತ್ತಿದೆ. ಹದಿನೇಳು.

ನಿಮಿಷ ಇನ್ನೂ ಮುಗಿದಿಲ್ಲ.