ಸುಗೀತ ತಿರುಗಲೇಬೇಕು

ಪುರುಷೋತ್ತಮ ಭಟ್ಟರಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾರೆ. ಆವತ್ತು ಶೃಂಗೇರಿಯ ತಮ್ಮ ಮನೆಯ ಜಗಲಿಯಲ್ಲಿ ಕೂತು ಒರೆಸಿದ್ದೇ ಒರೆಸಿದ್ದು. ಎದುರಿಗೆ ತೀರಿಹೋದ ತಮ್ಮನ ಹೆಂಡತಿ ಶಾರದಾಂಬ, ತಾನು ಬರೆದ ಪ್ರಸಂಗದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಾಳೆ ಹಾರದಂತೆ ಒತ್ತಿ ಹಿಡಿದ ಕೈ ನೋಡಿದರೇ ಇವಳು ಸುಲಭಕ್ಕೆ ಬಗ್ಗುವವಳಲ್ಲ ಎಂದು ಗೊತ್ತಾಗುತ್ತಿತ್ತು.

"ಅಲ್ಲ ಮಾರಾಯ್ತಿ, ಯಮಲೋಕದ ತನಕ ಹೋಗಿ, ಹಾಡಿ, ಯಮನ್ನೇ ಒಪ್ಸಿ, ಹೆಂಡ್ತಿನ ಕರ್ಕೊಂಡು ಹೊಸ್ತಿಲ ತನಕ ಬಂದು, ಅಲ್ಲಿ ಕಳ್ಕೊಳ್ಳದಾ? ಇದೆಂತ ಪ್ರಸಂಗ? ಬಂದ ಜನ ಊಟ ಮಾಡಿ ಹೋಗದು ಬ್ಯಾಡ್ವಾ?"

"ಊಟಕ್ಕೆ ಹೋಳಿಗೆ ಹಾಕಿಸ್ತೀನಿ ಭಾವ."

"ಕಣ್ಣೀರು ಹಾಕ್ಕೊಂಡು ಉಂಡ್ರೆ ಹೋಳಿಗೆ ಮೈಗೆ ಹತ್ತಲ್ಲ."

ಜಗಳವಾಗುತ್ತಿದ್ದದ್ದು ಗುರುಕಿರಣನ ಸಂಸ್ಮರಣೆಯ ತಾಳಮದ್ದಳೆಯ ಬಗ್ಗೆ. ಗುರುಕಿರಣ ಭಟ್ಟರ ತಮ್ಮ, ಶಾರದಾಂಬನ ಗಂಡ, ಕೊಪ್ಪ ಶೃಂಗೇರಿಗಳ ಸುತ್ತ ಹೆಸರು ಮಾಡಿದ್ದ ಯಕ್ಷಗಾನದ ಭಾಗವತ. ಹಿಂದಿನ ಮಳೆಗಾಲ ಇಲಿಜ್ವರ ಬಂದು, ಸಾದಾ ಜ್ವರ ಎಂದು ಕಷಾಯ ಕುಡಿಸಿ, ಕಡೆಗೆ ದೊಡ್ಡಾಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಕೈಮೀರಿತ್ತು. ಈಗ ವರ್ಷ ತುಂಬುತ್ತಿತ್ತು. ನರಸಿಂಹರಾಜಪುರದಲ್ಲಿ ಅವನ ಹಾಡಿಗೆ ಪ್ರಾಣ ಬಿಡುವ ಜನ ಇದ್ದರು. ನೆನಪಿಗೆ ಒಂದು ತಾಳಮದ್ದಳೆ ಆಗಲಿ, ಭಾಗವತಿಕೆ ಶಾರದಾಂಬನೇ ಮಾಡಲಿ, ಪ್ರಸಂಗವೂ ಅವಳಿಗೆ ಬೇಕಾದ್ದೇ ಇರಲಿ ಎಂದು ಅವರು ಒತ್ತಾಯ ಮಾಡಿದ್ದರು. ಹೆಂಗಸು, ಅದರಲ್ಲೂ ಗಂಡ ಸತ್ತವಳು ತಾಳ ಹಿಡಿದು ಕೂರುವುದೇ ಎಂದು ಮೂಗು ಮುರಿದವರಿಗೆ ಭಟ್ಟರೇ ಉತ್ತರ ಕೊಟ್ಟಿದ್ದರು: "ನನ್ನ ತಮ್ಮ ಕಲಿಸಿದ ವಿದ್ಯೆ. ನಿಮ್ಮ ಮನೆ ಗಂಟೇನೂ ಹೋಗಲ್ಲ." ಅಂಥ ಭಾವ ಈಗ ಅಡ್ಡ ಕೂತಿದ್ದರು.

ಶಾರದಾಂಬನಿಗೆ ಆ ಕತೆ ಸಿಕ್ಕಿದ್ದು ಭಟ್ಟರ ಮಗಳು ಮಹಿಮಾಳಿಂದಲೇ. ಹುಡುಗಿ ಕೊಪ್ಪದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತ ಬಿ.ಎ. ಓದುತ್ತಿದ್ದಳು. ಒಂದು ಭಾನುವಾರ ಚಿಕ್ಕಮ್ಮನ ಜೊತೆ ಹಲಸಿನ ಹಪ್ಪಳ ಒತ್ತುತ್ತ, ಪರೀಕ್ಷೆಗೆ ಓದಿದ್ದ ಗ್ರೀಕರ ಪುರಾಣ ಶುರುಮಾಡಿದಳು. ಒಬ್ಬ ಹಾಡುಗಾರ. ಅವನು ಹಾಡಿದರೆ ಮರಗಳು ಹತ್ತಿರ ಸರಿದು ಕೇಳುತ್ತಿದ್ದವಂತೆ. ಅವನ ಹೆಂಡತಿ ಹಾವು ಕಚ್ಚಿ ಸತ್ತಳು. ಅವನು ಸತ್ತವರ ಲೋಕಕ್ಕೇ ನಡೆದು ಹೋಗಿ ಹಾಡಿದ. ಅಲ್ಲಿಯ ದೊರೆ ಕರಗಿ, ಕರೆದುಕೊಂಡು ಹೋಗು, ಅವಳು ನಿನ್ನ ಹಿಂದೆ ಬರುತ್ತಾಳೆ, ಬೆಳಕಿಗೆ ಮುಟ್ಟುವ ತನಕ ಮಾತ್ರ ತಿರುಗಿ ನೋಡಬೇಡ ಎಂದ. ಇನ್ನೇನು ಬೆಳಕು ಬಂತು ಎನ್ನುವಾಗ ತಿರುಗಿದ. ಅವಳು ಹೋದಳು.

"ಅಲ್ಲಿ ಇದನ್ನ ಎಷ್ಟು ಜನ ಎಷ್ಟು ಥರ ಬರ್ದಿದಾರೆ ಗೊತ್ತಾ ಚಿಕ್ಕಮ್ಮ? ಒಬ್ಬ ಕವಿ ಬರ್ದಿದ್ರಲ್ಲಿ ಅವ್ಳಿಗೆ ವಾಪಸ್ ಬರೋ ಆಸೆನೇ ಇಲ್ಲ. ಒಪೆರಾ ಅಂತ ಇದೆ ಅವರದ್ದು, ನಮ್ಮ ಆಟದ ಹಂಗೆ ಹಾಡಲ್ಲೇ ಕತೆ ನಡೆಸ್ತಾರೆ. ಒಂದು ಒಪೆರಾನ ರಾಜನ ಹಬ್ಬಕ್ಕೆ ಆಡ್ಬೇಕಿತ್ತಂತೆ. ಹಬ್ಬದ ದಿನ ಅಶುಭ ಬ್ಯಾಡ ಅಂತ, ಅವಳು ಸತ್ತ ಮೇಲೆ ಪ್ರೇಮದ ದೇವರು ಬಂದು ಮತ್ತೆ ಎಬ್ಬಿಸ್ತಾನೆ. ಎಲ್ಲ ಸೇರಿ ಕುಣಿತಾರೆ."

ಶಾರದಾಂಬನ ಕೈ ಹಪ್ಪಳದ ಮೇಲೇ ನಿಂತಿತು.

"ಅದ್ಯಾವ ದೇವರೇ ಅವನು? ನಮ್ಮನೆಗೆ ಎಂತಕ್ಕೆ ಬರ್ಲಿಲ್ಲ?"

ಶಾರದಾಂಬನಿಗೆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಇದ್ದದ್ದು ವರ್ಷವಿಡೀ ಮನೆಗೆ ಬಂದು ಕಾಫಿ ಕುಡಿದು, "ಅವರೆಲ್ಲಿಗೂ ಹೋಗಿಲ್ಲ ಕಣೇ, ನಿನ್ನ ಹಾಡಲ್ಲೇ ಇದಾರೆ" ಎಂದು ಬೆನ್ನು ಸವರಿ ಹೋದವರ ಮೇಲೆ. ಮೊದಮೊದಲು ಅವಳೂ ಹೌದು ಹೌದು ಎಂದು ಗೋಣು ಹಾಕಿದ್ದಳು. ಆಮೇಲೆ ಒಬ್ಬಳೇ ಕೂತು ಹಾಡಿ ನೋಡಿದಳು, ಎಷ್ಟೋ ಸಲ. ಹಾಡಿನಲ್ಲಿ ಅವನು ಇರಲಿಲ್ಲ. ಅವಳ ಗಂಟಲು ಇತ್ತು, ಅವಳ ಉಸಿರು ಇತ್ತು, ಅಷ್ಟೆ. ಹೋದವನು ಹೋದ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದರೆ ಅವಳು ಅವರ ಮುಂದೆ ಕೂತು ಸಮಾಧಾನವಾಗುವಷ್ಟು ಅಳುತ್ತಿದ್ದಳು. ಯಾರೂ ಹೇಳಲಿಲ್ಲ. ಸರಿ, ನಾನೇ ಹೇಳುತ್ತೇನೆ, ಅದೂ ಗಂಡನ ಹೆಸರಿನ ಸಭೆಯಲ್ಲೇ ಹಾಡಿ ಹೇಳುತ್ತೇನೆ ಎಂದು ಹಟ ತೊಟ್ಟಳು. ಹಾಡುಗಾರನ ಗ್ರೀಕ್ ಹೆಸರು ತಾಳಕ್ಕೆ ಕೂರಲಿಲ್ಲ, ಹಾಗಾಗಿ ಸುಗೀತ ಎಂದು ಹೆಸರಿಟ್ಟಳು. ಸತ್ತವರ ದೊರೆ ನಮ್ಮ ಯಮನೇ ಆದ. ಹೆಂಡತಿ ಮಾಲಿನಿಗೆ ಮಾತು ಇಡಲಿಲ್ಲ. ಸತ್ತವಳು ಏನು ಮಾತಾಡಿಯಾಳು? ಅವಳ ಪಾಲಿಗೆ ಭಾಗವತರ ಹಾಡು ಮಾತ್ರ.

"ನೋಡು ಶಾರದಾ," ಭಟ್ಟರು ಕನ್ನಡಕ ಹಾಕಿಕೊಂಡರು. "ಕಡೆಗೆ ಯಮ ಇನ್ನೊಂದ್ಸಲ ಮನಸ್ಸು ಕರಗಿ ಬಿಟ್ಟುಕೊಟ್ಟ ಅಂತ ಒಂದು ಪದ ಸೇರ್ಸು. ಮಂಗಳ ಹಾಡು. ಮುಗೀತು."

"ಮಂಗಳ ಹಾಡ್ತೀನಿ. ಅದು ಪದ್ಧತಿ, ಬಿಡಲ್ಲ. ಆದ್ರೆ ಮಾಲಿನಿ ಏಳಲ್ಲ."

"ನೀ ಪದ ಎಂತಾದ್ರೂ ಬರ್ಕೋ. ಸುಗೀತನ ಅರ್ಥ ಹೇಳೋನು ನಾನು. ತಿರುಗದು ಬಿಡದು ನನ್ನ ಕತ್ತಿಗೆ ಬಿಟ್ಟದ್ದು. ನಾ ತಿರುಗಲ್ಲ."

"ಸುಗೀತ ತಿರುಗಲೇಬೇಕು ಭಾವ."

"ನೋಡಾಣ."

ಇದು ಬಾಯಿಮಾತಿನ ಬೆದರಿಕೆ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ತಾಲೀಮಂತೂ ಇಲ್ಲವೇ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದ ಹಿಡಿದು ಆ ಕ್ಷಣಕ್ಕೆ ಹೊಳೆದ ಮಾತು ಕಟ್ಟುತ್ತಾರೆ. ಪುರುಷೋತ್ತಮ ಭಟ್ಟರು ಮಾತು ಕಟ್ಟಲು ಕೂತರೆ ಎದುರಿನವರು ಕಟ್ಟಿದ್ದು ಉಳಿಯುವುದಿಲ್ಲ ಎಂದು ಸೀಮೆಗೆಲ್ಲ ಪ್ರತೀತಿ. ಸೋಲುವ ಪಾತ್ರ ಕೊಟ್ಟರೂ ಗೆದ್ದು ಎದ್ದುಬರುವ ಆಸಾಮಿ. ಅವರನ್ನು ಬಿಟ್ಟು ಬೇರೆ ಅರ್ಥಧಾರಿಯನ್ನು ಕರೆಯಬಹುದಿತ್ತು. ಶಾರದಾಂಬ ಕರೆಯಲಿಲ್ಲ. ಹೋದವನು ಹೋದ ಎನ್ನುವ ಮಾತು ಭಾವನ ಬಾಯಿಂದಲೇ ಬರಬೇಕು ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ನರಸಿಂಹರಾಜಪುರದ ಸಭಾಭವನದಲ್ಲಿ ಮಧ್ಯಾಹ್ನ ಎರಡಕ್ಕೇ ಕುರ್ಚಿ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ವೇದಿಕೆಯ ಹಿಂಭಾಗದಲ್ಲಿ ಸ್ವಲ್ಪ ಎತ್ತರದ ಮಣೆಯ ಮೇಲೆ ಶಾರದಾಂಬ ತಾಳ ಹಿಡಿದು ಕೂತಳು. ಪಕ್ಕದಲ್ಲಿ ಮದ್ದಳೆಗೆ ಹಿರೇಕೊಡಿಗೆಯ ಹೂವಪ್ಪ, ಗುರುಕಿರಣನಿಗೆ ಬಹಳ ಕಾಲ ನುಡಿಸಿದವನು. ಮುಂದೆ, ಅವಳಿಗೆ ಬೆನ್ನು ಹಾಕಿ, ಮೈಕಿನ ಎದುರು ಭಟ್ಟರು. ಅವರ ಮಗ್ಗುಲಿಗೆ ಯಮನಾಗಿ ಜಯಪುರದ ಜವಳಿ ಅಂಗಡಿಯ ಮಂಜಯ್ಯ. ಮಂಜಯ್ಯ ಒಳ್ಳೆಯ ಅರ್ಥಧಾರಿ, ಆದರೆ ಗಿರಾಕಿಗೆ ಇಲ್ಲ ಎಂದು ಹೇಳಿ ಅಭ್ಯಾಸ ಇಲ್ಲದ ಮನುಷ್ಯ.

ಶುರುವಿನಿಂದಲೇ ಭಟ್ಟರು ಮಂಜಯ್ಯನನ್ನು ಅರೆದು ಚಟ್ನಿ ಮಾಡಿದರು. "ಧರ್ಮರಾಜ ಎಂದು ಹೆಸರು ಇಟ್ಟುಕೊಂಡವನೇ, ಮದುವೆಯ ಅರಿಶಿನ ಆರುವ ಮೊದಲೇ ಹೆಣ್ಣುಮಗಳನ್ನು ಎಳೆದು ತಂದದ್ದು ಯಾವ ಧರ್ಮ?" ಎಂದು ಕೇಳಿದರು. ಮಂಜಯ್ಯ ಆಯುಸ್ಸಿನ ಲೆಕ್ಕ ಎಂದ. "ಲೆಕ್ಕ ಬರೆದವನು ಯಾರು? ಬರೆದವನನ್ನು ಕರೆ, ಮಾತಾಡುವ." ಜನ ಚಪ್ಪಾಳೆ ಹೊಡೆದರು. ಷರತ್ತು ಹಾಕುವ ಹೊತ್ತಿಗೆ ಮಂಜಯ್ಯ ಎಷ್ಟು ಸೋತಿದ್ದನೆಂದರೆ, ಅದನ್ನೂ ಬಿಟ್ಟೇಬಿಡುತ್ತಿದ್ದನೋ ಏನೋ. ಶಾರದಾಂಬ ಗಟ್ಟಿಯಾಗಿ ತಾಳ ಹಾಕಿ ಷರತ್ತಿನ ಪದ ಎತ್ತಿದ್ದರಿಂದ ಅವನಿಗೆ ನೆನಪಾಯಿತು.

ನಡಿಗೆ ಶುರುವಾಯಿತು. ಸುಗೀತ ಮುಂದೆ, ಮಾಲಿನಿ ಹಿಂದೆ. ಹೆಂಡತಿ ಬರುತ್ತಿದ್ದಾಳೆ ಎನ್ನುವುದಕ್ಕೆ ಭಟ್ಟರಿಗೆ ಗುರುತು ಎಂದರೆ ಬೆನ್ನ ಹಿಂದಿನ ಹಾಡು. ಶಾರದಾಂಬ ಸಣ್ಣಗೆ, ಹೆಜ್ಜೆ ಹಾಕುವ ಹಾಗೆ ಹಾಡಿದಳು. ಭಟ್ಟರು ದಾರಿಯ ಕತ್ತಲೆ, ಕಾಲಿಗೆ ಚುಚ್ಚುವ ಕಲ್ಲು, ಮದುವೆಯ ದಿನದ ನೆನಪು ಎಲ್ಲವನ್ನೂ ಎಷ್ಟು ಚಂದ ವರ್ಣಿಸಿದರೆಂದರೆ, ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಶಾರದಾಂಬ ತಿರುಗಿ ನೋಡುವ ಪದಕ್ಕೆ ಬಂದಳು.

"ತಿರುಗಿ ನೋಡಿದನಯ್ಯೊ ಬೆಳಕಿನ ಹೊಸ್ತಿಲಲಿ ನಿಂದು,
ಕರಗಿ ಹೋದಳು ಕಾಂತೆ ನೆರಳಿನಂತೆ."

ಭಟ್ಟರು ಕತ್ತು ಅಲ್ಲಾಡಿಸಲಿಲ್ಲ. "ತಿರುಗಿ ನೋಡಿದೆನೇ? ಹೌದು, ಮನಸ್ಸಿನಲ್ಲಿ ತಿರುಗಿದೆ!" ಎಂದರು. "ಮನಸ್ಸು ತಿರುಗಿತು, ಅವಳು ಕರಗಿ ಹೋದಳೋ ಎಂಬ ಭಯ ಬಂತು. ಆದರೆ ಯಮಧರ್ಮ, ನಿನ್ನ ಷರತ್ತು ಇದ್ದದ್ದು ಕಣ್ಣಿಗೆ, ಮನಸ್ಸಿಗಲ್ಲ!" ಸಭೆ ಭೋರ್ಗರೆಯಿತು. ಯಾರೋ ಹಿಂದಿನಿಂದ ಶಿಳ್ಳೆ ಹಾಕಿದರು. ಮಂಜಯ್ಯನಂತೂ ಯಮನ ಸ್ಥಾನ ಮರೆತು ತಾನೂ ಚಪ್ಪಾಳೆ ತಟ್ಟಿದ.

ಶಾರದಾಂಬ ಪದವನ್ನು ಮತ್ತೆ ಹೇಳಿದಳು, ಈ ಸಲ ಏರು ದನಿಯಲ್ಲಿ. ಭಟ್ಟರು ಈ ಸಲವೂ ಜಾರಿಕೊಂಡರು. ತಿರುಗಿದವನು ತಾನಲ್ಲ, ನೀರಿನಲ್ಲಿ ಕಂಡ ತನ್ನ ಬಿಂಬ ಎಂದರು. ಆಮೇಲೆ ಮಾತಿನ ಓಟ ಹೆಚ್ಚಿಸಿದರು. "ಅಗೋ ಬೆಳಕು! ಹಕ್ಕಿಗಳ ದನಿ! ಇನ್ನೇನು ಬಂದೆವು ಮಾಲಿನಿ, ಇನ್ನೇನು ಬಂದೆವು!"

ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಹೊಸ್ತಿಲು ದಾಟಿಸಿಯೇ ಬಿಡುತ್ತಾರೆ, ಆಮೇಲೆ ತನಗೆ ಉಳಿಯುವುದು ಮಂಗಳ ಹಾಡುವ ಕೆಲಸ ಮಾತ್ರ ಎಂದು ಅವಳಿಗೆ ಗೊತ್ತಾಯಿತು. ಜನ ಸಂತೋಷವಾಗಿ ಹೋಳಿಗೆ ಉಂಡು ಹೋಗುತ್ತಾರೆ. ನಾಳೆಯಿಂದ ಮತ್ತೆ ಕಾಫಿ, ಮತ್ತೆ ಬೆನ್ನು ಸವರುವುದು, ಮತ್ತೆ ಅವರೆಲ್ಲಿಗೂ ಹೋಗಿಲ್ಲ ಕಣೇ. ಮಾತಿನಲ್ಲಿ ಭಾವನನ್ನು ಸೋಲಿಸುವುದು ಅವಳಿಂದ ಆಗದ ಕೆಲಸ. ಭಾಗವತರಿಗೆ ಮಾತಾಡುವ ಹಕ್ಕೂ ಇಲ್ಲ.

ಭಟ್ಟರ ಮಾತಿನ ಹಿಂದೆ ಸಣ್ಣಗೆ ಎಳೆಯುತ್ತಿದ್ದ ನಡಿಗೆಯ ಹಾಡನ್ನು ಅವಳು ನಿಲ್ಲಿಸಿದಳು. ಎಡಗೈ ಚಾಚಿ ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿ ಶ್ರುತಿಯನ್ನೂ ಆರಿಸಿದಳು.

ಹೂವಪ್ಪನ ಕೈ ಮದ್ದಳೆಯ ಮೇಲೆ ಗಕ್ಕನೆ ನಿಂತಿತು. ತಾಳಮದ್ದಳೆ ಶುರುವಾದ ಮೇಲೆ ಮಂಗಳದ ತನಕ ಶ್ರುತಿ ನಿಲ್ಲುವುದೆಂದಿಲ್ಲ. ಪದಕ್ಕೂ ಪದಕ್ಕೂ ನಡುವೆ, ಅರ್ಥಧಾರಿ ಮಾತಾಡುವಾಗಲೂ ಅದು ಹಿಂದೆ ಗುಂಯ್ ಎನ್ನುತ್ತಲೇ ಇರಬೇಕು. ವೇದಿಕೆಯಲ್ಲೇ ಹಣ್ಣಾದ ಭಟ್ಟರು ಅದು ನಿಂತದ್ದನ್ನು ಎಂದೂ ಕೇಳಿದವರಲ್ಲ. ಅವರ ಮಾತು ಅರ್ಧಕ್ಕೆ ತುಂಡಾಯಿತು. ಬೆನ್ನ ಹಿಂದೆ ಏನೂ ಇರಲಿಲ್ಲ. ಮೈ ಪೂರ್ತಿ ಹೊರಳಿಸಿ ತಿರುಗಿದರು.

"ಶಾರದಾ! ಎಂತಾಯ್ತೇ? ಹುಷಾರಿದೀಯಾ?"

ಸುಗೀತನ ದನಿ ಅದಲ್ಲ, ಮನೆಯ ದನಿ. ಮೈಕಿನಲ್ಲಿ ಇಡೀ ಸಭೆಗೆ ಕೇಳಿತು. ಭಟ್ಟರ ಮುಖ ಬಿಳಿಚಿತ್ತು. ತಮ್ಮನ ನಂತರ ಇವಳಿಗೂ ಏನೋ ಆಗಿಹೋಯಿತು ಎಂದು ಒಂದು ಗಳಿಗೆಯಲ್ಲಿ ಅವರ ಜೀವವೇ ಬಾಯಿಗೆ ಬಂದಿತ್ತು. ಶಾರದಾಂಬನಿಗೆ ಪಾಪ ಅನಿಸಿತು. ಎದ್ದು ಹೋಗಿ ಅವರ ಕಾಲು ಹಿಡಿಯಬೇಕು ಅನಿಸಿತು. ಅನಿಸಿದರೂ ಮಣೆ ಬಿಟ್ಟು ಏಳಲಿಲ್ಲ. ಭಾವನ ಕಣ್ಣನ್ನೇ ನೋಡುತ್ತ ಶ್ರುತಿ ಹಚ್ಚಿದಳು, ತಾಳ ಹಾಕಿದಳು, ಅದೇ ಪದವನ್ನು ಮೂರನೆಯ ಸಲ, ಅವಸರವಿಲ್ಲದೆ ಹಾಡಿದಳು.

"ತಿರುಗಿ ನೋಡಿದನಯ್ಯೊ..."

ಭಟ್ಟರಿಗೆ ಅರ್ಥವಾಯಿತು. ಮೊದಲು ಸಿಟ್ಟು ಬಂತು, ಕೈ ಕನ್ನಡಕದ ಕಡೆಗೆ ಹೋಯಿತು. ಕನ್ನಡಕ ತೆಗೆಯಲಿಲ್ಲ. ಪದ ಮುಗಿಯುವ ತನಕ ಅವಳ ಕಡೆಗೇ ಮುಖ ಮಾಡಿ ಕೂತರು. ಆಮೇಲೆ ನಿಧಾನಕ್ಕೆ ಮೈಕಿನ ಕಡೆ ಹೊರಳಿದರು. ಇವರು ಈಗ ಇದರಿಂದ ಹೇಗೆ ಪಾರಾಗುತ್ತಾರೆ ಎಂದು ಸಭೆ ಕಾಯುತ್ತಿತ್ತು.

"ಷರತ್ತು ಮರೆತಿರಲಿಲ್ಲ ಯಮಧರ್ಮ," ಎಂದರು. ದನಿ ತೀರಾ ಸಣ್ಣದಾಗಿತ್ತು. "ಹಿಂದಿನಿಂದ ಹಾಡು ಕೇಳಿಸಲಿಲ್ಲ. ಕೇಳಿಸದೆ ಹೋದಾಗಲೂ ಮುಂದೆ ನೋಡಿಕೊಂಡು ನಡೆಯುವಷ್ಟು ಗಟ್ಟಿ ಎದೆ ನನಗಿಲ್ಲ. ಪ್ರೀತಿ ಇದ್ದವನು ತಿರುಗಲೇಬೇಕು. ತಿರುಗಿದೆ. ನೋಡಿದೆ."

ಮಂಜಯ್ಯ ಮೈಕಿನಿಂದ ಹಿಂದಕ್ಕೆ ಸರಿದು ಕೂತ.

ಭಟ್ಟರು ಎರಡು ಅಂಗೈಯನ್ನೂ ತೊಡೆಯ ಮೇಲೆ ಬಿಚ್ಚಿಟ್ಟರು.

"ಹೋದ," ಎಂದರು.

ಪ್ರಸಂಗದ ಪ್ರಕಾರ 'ಹೋದಳು' ಎನ್ನಬೇಕಿತ್ತು. ಅವರು ತಿದ್ದಿಕೊಳ್ಳಲಿಲ್ಲ. ತಮ್ಮ ತೀರಿಹೋದ ಈ ಒಂದು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೂವಪ್ಪ ಮದ್ದಳೆಯ ಮೇಲೆ ತಲೆ ಬಗ್ಗಿಸಿದ. ಶಾರದಾಂಬನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಭಾವ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಾದು, ತಾಳ ಸರಿಮಾಡಿಕೊಂಡು, ಅವಳು ಮುಂದಿನ ಪದ ಎತ್ತಿದಳು.