ಟೋಕನ್ ವಿಭಾಗದ ಹನ್ನೆರಡು ಸಂಖ್ಯೆಗಳು

ಶೈಲಶ್ರೀ ಬಿಳಿ ಹಲಗೆಯ ಮೇಲೆ ಐದನೆಯ ಚೌಕ ಎಳೆದು, ಅದರೊಳಗೆ 'ರವಾನೆ' ಎಂದು ಬರೆದು, ಮಾರ್ಕರಿಗೆ ಮುಚ್ಚಳ ಹಾಕಿದಳು. ಟೋಕನ್, ತೂಕ, ತೇವಾಂಶ, ಗೋದಾಮು, ರವಾನೆ. ಮನೋಹರ್ ತನ್ನ ಒಂಬತ್ತು ವರ್ಷದ ದುಡಿಮೆ ಐದು ಪಾಲಾಗಿದ್ದನ್ನು ಕುರ್ಚಿಯಲ್ಲಿ ಕೂತೇ ನೋಡಿದ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಒಂದು ಜಗಳವಾದರೂ ಆಗುತ್ತದೆ. ಇಲ್ಲಿ ಅದೂ ಆಗಲಿಲ್ಲ. ಅವನು "ಚಲೋ ಆತ್ರಿ" ಎಂದು ಚಹಾ ಕುಡಿಯಲು ಕೆಳಗಿಳಿದು ಹೋದ.

ತೋಟಪ್ಪ ಸಾಹುಕಾರರಿಗೆ ಕಂಪ್ಲಿಯಲ್ಲಿ ಮೂರು ಅಕ್ಕಿ ಗಿರಣಿ. ಅವುಗಳ ಕಂಪ್ಯೂಟರ್ ಕೆಲಸಕ್ಕೆಂದು ಹೊಸಪೇಟೆಯಲ್ಲಿ, ಮಹಡಿಯ ಮೇಲೆ ಎರಡು ಕೋಣೆ. ಭತ್ತ ತರಬೇಕಾದ ದಿನವನ್ನು ತಿಳಿಸುವ ಟೋಕನ್ ರೈತನ ಮೊಬೈಲಿಗೆ ಹೋಗುವಲ್ಲಿಂದ ಹಿಡಿದು, ಅಕ್ಕಿ ತುಂಬಿದ ಲಾರಿ ಗೇಟು ದಾಟುವವರೆಗೆ ಎಲ್ಲವನ್ನೂ ನಡೆಸುತ್ತಿದ್ದುದು ಮನೋಹರ್ ಒಬ್ಬನೇ ಬರೆದ ಒಂದೇ ವೆಬ್ ಅಪ್ಲಿಕೇಶನ್. ಸಾಹುಕಾರರು ಕೇಳಿದಾಗಲೆಲ್ಲ ಅದಕ್ಕೊಂದು ತುಂಡು ಸೇರಿಸಿದ್ದ. ಬೆಳೆದು ಬೆಳೆದು ಅದು ಎಲ್ಲಿಗೆ ಬಂತೆಂದರೆ, ತೇವಾಂಶದ ಚೀಟಿ ಮುದ್ರಿಸುವಲ್ಲಿ ಸಣ್ಣ ತೊಡಕಾದರೂ ತೂಕದ ಕಾಟಾ ನಿಲ್ಲುತ್ತಿತ್ತು, ಗೇಟಿನಲ್ಲಿ ಲಾರಿ ನಿಲ್ಲುತ್ತಿತ್ತು, ಮನೋಹರ್‌ಗೆ ಫೋನು ಬರುತ್ತಿತ್ತು. ಮಗಳ ಶಾಲೆಯ ಸಭೆಯಿಂದ ಎದ್ದು ಬಂದಿದ್ದಾನೆ, ಮಾವನ ತಿಥಿಯ ದಿನ ಎಲೆಯ ಮುಂದಿನಿಂದ ಎದ್ದು ಬಂದಿದ್ದಾನೆ. ಗೊಣಗುತ್ತಲೇ ಬರುತ್ತಿದ್ದ. ಆದರೆ ಫೋನು ಬಾರದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ, ಅದನ್ನು ಮಾತ್ರ ಹೆಂಡತಿಯ ಮುಂದೆಯೂ ಒಪ್ಪಿಕೊಂಡವನಲ್ಲ.

ಶೈಲಶ್ರೀ ಗಾದಿಗನೂರಿನವಳು, ಕೆಲಸಕ್ಕೆ ಸೇರಿ ಆರು ತಿಂಗಳು. ಇದನ್ನು ಒಡೆದು ಐದು ಮಾಡ್ಯೂಲ್ ಮಾಡೋಣ, ಒಂದು ಕೆಟ್ಟರೂ ಉಳಿದ ನಾಲ್ಕು ನಡೆಯುತ್ತವೆ, ಯಾವುದನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು ಎಂದು ಸಾಹುಕಾರರಿಗೆ ವಿವರಿಸಿದವಳು ಅವಳೇ. 'ಯಾರು ಬೇಕಾದರೂ' ಎಂದಾಗ ಸಾಹುಕಾರರು ತಲೆದೂಗಿದರು. ನಲವತ್ತಾರರ ಮನೋಹರ್‌ಗೆ ಹೆದರಿಕೆ ಶುರುವಾದದ್ದು ಆಗ. ಯಾರು ಬೇಕಾದರೂ ನೋಡಿಕೊಳ್ಳಬಹುದಾದರೆ ತಾನು ಯಾತಕ್ಕೆ?

ಮೊದಲು ಬೇರೆಯಾದದ್ದು ಟೋಕನ್ ವಿಭಾಗ. ಎದುರಿಗೇ ಕೂತಿದ್ದರೂ ಮೊಬೈಲಿನಲ್ಲಿ ಬರೆದು ಕೇಳುವುದು ಶೈಲಶ್ರೀಯ ರೂಢಿ. ಆ ಸೋಮವಾರ ಹಾಗೇ ಕೇಳಿದಳು: "ಸರ್, ಟೋಕನ್ ಕೋಡಿನ್ಯಾಗ ಹನ್ನೆರಡು ನಂಬರ್ ಅದಾವ್ರಿ. ಯಾತಕ್ಕಂತ ತಿಳೀವಲ್ದು. ಇರ್ಲೇನ್ರಿ, ತಗೀಲೇನ್ರಿ?"

ಅವು ಆ ವರ್ಷದ ಹನ್ನೆರಡು ಅಮಾವಾಸ್ಯೆಗಳು. ತಾರೀಖಿನ ಬದಲು, ವರ್ಷದ ಎಷ್ಟನೆಯ ದಿನ ಎಂಬ ಲೆಕ್ಕದಲ್ಲಿ ಬರೆದಿದ್ದರಿಂದ ನೋಡಿದವರಿಗೆ ಗುರುತು ಸಿಗುತ್ತಿರಲಿಲ್ಲ. ಗಿರಣಿಯ ಹಮಾಲರಿಗೆ ಭಾನುವಾರದ ರಜೆಯಿಲ್ಲ, ಅಮಾವಾಸ್ಯೆಯೇ ರಜೆ. ಮೊದಲ ವರ್ಷ ಇದು ತಿಳಿಯದೆ ಮನೋಹರ್ ಆ ದಿನಕ್ಕೂ ಟೋಕನ್ ಕಳಿಸಿದ್ದ. ಹಮಾಲರ ಮುಖಂಡ ಉಚ್ಚೆಂಗೆಪ್ಪ ಹೊಸಪೇಟೆಯವರೆಗೆ ಬಂದು, ಮಹಡಿ ಹತ್ತಿ, ಅಮಾವಾಸ್ಯೆಯ ದಿನ ತಮ್ಮಲ್ಲಿ ಯಾರೂ ಚೀಲಕ್ಕೆ ಕೈ ಹಚ್ಚುವುದಿಲ್ಲವೆಂದು ಹೇಳಿ, ನೀರು ಕುಡಿದು ಹೋಗಿದ್ದ. ಅಂದಿನಿಂದ ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಗೋಡೆಗೆ ಬಿದ್ದ ಕೂಡಲೇ ಮನೋಹರ್ ಅಮಾವಾಸ್ಯೆಯ ಕರಿ ಚುಕ್ಕಿಗಳನ್ನು ನೋಡಿ, ಆ ದಿನಗಳಿಗೆ ಟೋಕನ್ ಹೋಗದಂತೆ ಹನ್ನೆರಡು ಸಂಖ್ಯೆ ಬದಲಿಸುತ್ತಿದ್ದ. ಯಾತಕ್ಕೆಂದು ಪಕ್ಕದಲ್ಲಿ ಒಂದು ಸಾಲು ಬರೆದಿಟ್ಟಿರಲಿಲ್ಲ. ಹೇಳಲು ತಾನೇ ಇದ್ದನಲ್ಲ.

ಒಂದೇ ಪದ ಸಾಕಿತ್ತು. ಅವನು "ಹಳೇವಿರಬೇಕು, ನೋಡಿ ಹೇಳ್ತೀನ್ರಿ" ಎಂದು ಬರೆದು ಮೊಬೈಲು ಬೋರಲು ಹಾಕಿದ. ಬುಧವಾರ ಅವಳು ಬಾಯಿಬಿಟ್ಟು ಕೇಳಿದಾಗ ಯಾರೊಂದಿಗೋ ಫೋನಿನಲ್ಲಿದ್ದವನಂತೆ ಕೈ ಆಡಿಸಿದ. ಗುರುವಾರ ಅವಳು ಆ ಸಂಖ್ಯೆಗಳನ್ನು ಕೈಬಿಟ್ಟು ಹೊಸ ಮಾಡ್ಯೂಲನ್ನು ಚಾಲೂ ಮಾಡಿದಳು. ಕಾರ್ತಿಕ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನವಿತ್ತು. ಅಮಾವಾಸ್ಯೆಯೆಂದು ಹೆಚ್ಚಿನ ರೈತರು ಹೊರಡುವುದಿಲ್ಲ, ನಾಲ್ಕೆಂಟು ಟ್ರ್ಯಾಕ್ಟರ್ ಬಂದು ನಿಲ್ಲುತ್ತವೆ, ಅರ್ಧ ತಾಸು ಗದ್ದಲವಾಗುತ್ತದೆ, ಫೋನು ತನಗೇ ಬರುತ್ತದೆ ಎಂದು ಮನೋಹರ್ ಅಂದಾಜು ಹಾಕಿದ್ದ. ನಾಚಿಕೆಯೂ ಆಗಿತ್ತು. ಬಾಯಿ ಬಿಡುವಷ್ಟು ಆಗಿರಲಿಲ್ಲ ಅಷ್ಟೇ.

ಅಮಾವಾಸ್ಯೆಯ ಬೆಳಿಗ್ಗೆ ಏಳೂವರೆಗೆ ಫೋನು ಬಂತು. ಅವನು ಆಗಲೇ ಸ್ನಾನ ಮುಗಿಸಿ ಅಂಗಿ ಹಾಕಿ ಕೂತಿದ್ದ. ಬೈಕಿನಲ್ಲಿ ಕಮಲಾಪುರ ದಾಟುವಾಗ ಮೋಡ ಕವಿದಿತ್ತು.

ನಾಲ್ಕೆಂಟಲ್ಲ, ನಲವತ್ತೊಂದು ಟ್ರ್ಯಾಕ್ಟರ್. ಗಿರಣಿಯ ಗೇಟಿನಿಂದ ಕಾಲುವೆಯ ಸೇತುವೆಯವರೆಗೆ ಸಾಲು. ಇಳಿಸಲು ಒಬ್ಬ ಹಮಾಲನಿಲ್ಲ, ಎಲ್ಲರೂ ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಬಾಡಿಗೆಯ ಟ್ರ್ಯಾಕ್ಟರಿನವರು ಕಬ್ಬಿನ ಗದ್ದೆಗೆ ಹೊತ್ತಾಯಿತೆಂದು ಟ್ರೇಲರ್‌ಗಳನ್ನು ರಸ್ತೆಯಲ್ಲೇ ಕಳಚಿಟ್ಟು ಎಂಜಿನ್ ಹೊಡೆದುಕೊಂಡು ಹೊರಟಿದ್ದರು. ಹೊಸ ಟೋಕನ್ ಹೇಗೆ ನಡೆದಿದೆ ಎಂದು ನೋಡಲು ನಸುಕಿನ ಬಸ್ಸಿಗೇ ಹೊರಟಿದ್ದ ಶೈಲಶ್ರೀ ಅವನಿಗಿಂತ ಮೊದಲೇ ಬಂದು ಮುಟ್ಟಿದ್ದಳು. ಪುಸ್ತಕ ಹಿಡಿದು ಒಂದೊಂದೇ ಟ್ರೇಲರ್ ಹತ್ತಿರ ಹೋಗಿ ಹೆಸರು ಬರೆದುಕೊಂಡು, ನಾಳೆ ಮೊದಲ ಪಾಳಿ ನಿಮ್ಮದೇ ಎಂದು ಹೇಳುತ್ತಿದ್ದಳು. ಬೈದವರಿಂದ ಬೈಸಿಕೊಳ್ಳುತ್ತಿದ್ದಳು.

ಕಳಚಿಟ್ಟ ಒಂದು ಟ್ರೇಲರಿನ ಮೇಲೆ, ಚೀಲಗಳ ನಡುವೆ, ನೀಲಗಂಗಮ್ಮ ಎಂಬ ಹೆಂಗಸು ಕೂತಿದ್ದಳು. ಚೀಲ ಬಿಟ್ಟು ಹೋಗುವಂತಿಲ್ಲ, ನಾಳೆಯವರೆಗೆ ಅಲ್ಲೇ ಕಾಯಬೇಕು. ಮನೋಹರ್‌ನ ಕೊರಳಿನ ಗುರುತಿನ ಚೀಟಿ ನೋಡಿ ಅವನನ್ನು ಕರೆದಳು. ಅವಳಿಗೆ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕಾಗಿತ್ತು ಅಷ್ಟೇ.

"ಅಮಾಸಿ ದಿನ ಹೊಂಡಬ್ಯಾಡ ಅಂತ ನಮ್ಮತ್ತಿ ಭಾಳ ಹೇಳಿದ್ಲಪ್ಪಾ. ಮೊಬೈಲಿನ್ಯಾಗ ಬಂದೈತಿ, ತಿಳಿದೋರು ಕಳಿಸಿರ್ತಾರ, ಏನೋ ಬದಲಾಗಿರಬೇಕು ಅಂತ ನಾನ ಬಂದ್ನಿ. ನಮ್ದೇನು ತಪ್ಪಾತೇನಪ್ಪಾ?"

ನಿಮ್ಮದೇನೂ ತಪ್ಪಿಲ್ಲ ಎಂದು ಅವನು ಚೀಲಗಳನ್ನು ನೋಡುತ್ತ ಹೇಳಿದ.

ತೋಟಪ್ಪನವರು ಜೀಪಿನಿಂದ ಇಳಿದವರೇ ಶೈಲಶ್ರೀ, ಮನೋಹರ್ ಇಬ್ಬರನ್ನೂ ಹತ್ತಿರ ಕರೆದರು. ಯಾರ ಕೆಲಸವಿದು ಎಂದು ಕೇಳಿದರು. ಶೈಲಶ್ರೀ ಪುಸ್ತಕವನ್ನು ಎದೆಗೆ ಹಿಡಿದು, ತಪ್ಪು ತನ್ನದೇ, ತಿಳಿಯದ್ದನ್ನು ತೆಗೆಯಬಾರದಿತ್ತು ಎಂದಳು. ಅವಳ ಮೊಬೈಲು ಕೈಯಲ್ಲೇ ಇತ್ತು. ಅದರೊಳಗೆ ಮನೋಹರ್ ಬರೆದದ್ದೂ ಇತ್ತು. ಅವಳು ಅದನ್ನು ತೆರೆಯಲಿಲ್ಲ.

"ಈಕಿ ಒಡಿಯೋದು ಸಾಕು," ಎಂದರು ಸಾಹುಕಾರರು, ಅವಳ ಕಡೆ ನೋಡದೆ. "ಹಳೇದ ಹಚ್ಚು ಮನೋಹರ. ನಿನ್ನ ಬಿಟ್ರ ಇದು ಯಾರಿಗೂ ತಿಳಿಯಂಗಿಲ್ಲ."

ಒಂಬತ್ತು ವರ್ಷದಲ್ಲಿ ಅವನು ಕೇಳಬೇಕೆಂದುಕೊಂಡಿದ್ದ ಮಾತು ಅದೊಂದೇ. ಈಗ ಕೇಳಿಸಿತು, ನಲವತ್ತೊಂದು ಜನರ ಎದುರು. ಹಿಂದೆ ಟ್ರೇಲರಿನ ಮೇಲಿಂದ ನೀಲಗಂಗಮ್ಮ ಯಾರನ್ನೋ ಒಂದು ತಾಡಪಾಲು ಕೇಳುತ್ತಿದ್ದಳು. ಮನೋಹರ್‌ಗೆ ತನ್ನ ಮೇಲೆ ಅಸಹ್ಯವಾಯಿತು.

"ಆಕಿ ಕೇಳಿದ್ಲ್ರಿ ಸಾವ್ಕಾರ್ರ," ಎಂದ. "ಎಲ್ಡು ಸಲ ಕೇಳಿದ್ಲು. ನನಗ ಗೊತ್ತಿತ್ತು. ನಾನ ಹೇಳ್ಲಿಲ್ಲ."

ತೋಟಪ್ಪನವರು ಅವನನ್ನು ನೋಡಿದರು. ಆಮೇಲೆ ಮೋಡ ನೋಡಿ, ಗೋದಾಮಿನಲ್ಲಿರುವ ತಾಡಪಾಲುಗಳನ್ನೆಲ್ಲ ತರಿಸಿ ಹೊದಿಸಬೇಕೆಂದು ಗೇಟಿನವನಿಗೆ ಕೂಗಿ ಹೇಳಿದರು. ಹಳೆಯದನ್ನು ಹಚ್ಚು ಎಂದು ಮತ್ತೆ ಹೇಳಲಿಲ್ಲ, ಹಚ್ಚಬೇಡ ಎಂದೂ ಹೇಳಲಿಲ್ಲ. ನಾಳೆ ಇಬ್ಬರೂ ಬಂದು ಕಾಣಬೇಕೆಂದು ಹೇಳಿ ಒಳಗೆ ಹೋದರು.

ಶೈಲಶ್ರೀ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಪುಸ್ತಕದ ಹಿಂದಿನ ಖಾಲಿ ಹಾಳೆ ತಿರುವಿದಳು.

"ಇಂಥಾವು ಇನ್ನ ಎಷ್ಟು ಅದಾವ್ರಿ, ಸರ್?"

ಮನೋಹರ್ ಕಾಲುವೆಯ ಕಟ್ಟೆಯ ಮೇಲೆ ಕೂತ. ನೆನಪು ಮಾಡಿಕೊಳ್ಳುತ್ತ ಒಂದೊಂದೇ ಬೆರಳು ಮಡಚಿದ. ಬಲಗೈ ಮುಗಿದು ಎಡಗೈಗೆ ಬಂದ, ಎಡಗೈಯೂ ಮುಗಿದು ಮತ್ತೆ ಬಲಗೈಗೆ ಬಂದ. ಶೈಲಶ್ರೀ ಪೆನ್ನು ತೆರೆದು ಹಿಡಿದು, ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು.