ಶನಿವಾರದ ಹೀಟರ್

ಮಾಳುವಿನ ಜೀಪಿನಲ್ಲಿ ಹೀಟರ್ ಇದೆ ಎಂದರೆ ಮುಧೋಳದ ಜನ ನಗುತ್ತಿದ್ದರು. ವರ್ಷದ ಬಹುಪಾಲು ಸುಡುವ ಊರಿನಲ್ಲಿ ಅದಕ್ಕೇನು ಕೆಲಸ? ಆದರೆ ಡಿಸೆಂಬರ್ ಬಂತೆಂದರೆ ಕಬ್ಬಿನ ಹೊಲಗಳ ನಡುವಿನ ರಸ್ತೆಯಲ್ಲಿ ಬೆಳಗಿನ ಥಂಡಿ ಎಲುಬಿಗೆ ಇಳಿಯುತ್ತದೆ. ಶನಿವಾರ ಸಾಲೆ ಬೆಳಿಗ್ಗೆಯೇ ಶುರು. ಅಷ್ಟು ಬೇಗ ಬಸ್ಸಿಲ್ಲ. ಹಾಗಾಗಿ ತುಬಚಿ ಸಾಲೆಯ ಮುಖ್ಯೋಪಾಧ್ಯಾಯಿನಿ ತುಳಸಾಬಾಯಿ ಪ್ರತಿ ಶನಿವಾರ ಅವನ ಜೀಪಿನಲ್ಲೇ ಹೋಗುತ್ತಿದ್ದರು.

ಮಾಳುವಿಗೆ ವಾರವೆಂದರೆ ಅದೊಂದೇ ದಿನ. ಅವನ ಅಣ್ಣತಮ್ಮಂದಿರು ಕುರಿ ಹಿಂಡು ಹೊಡೆದುಕೊಂಡು ಹೋದರೆ ಮಳೆಗಾಲದವರೆಗೆ ಬರುವುದಿಲ್ಲ. ಬಂದರೂ ಇವನ ಮನೆ ಕಡೆ ತಿರುಗಿ ನೋಡುವುದಿಲ್ಲ. ತನ್ನ ಪಾಲಿನ ಕುರಿ ಮಾರಿ ಜೀಪು ಕೊಂಡಾಗ ಅವನು ಆಡಿದ ಮಾತುಗಳೇ ಹಾಗಿದ್ದವು. ಮದುವೆಯೂ ಆಗಲಿಲ್ಲ. ಉಳಿದ ಬಾಡಿಗೆಯವರು ಹತ್ತುತ್ತಾರೆ, ಇಳಿಯುತ್ತಾರೆ. ತುಳಸಾಬಾಯಿ ಮಾತ್ರ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಹುಡುಗರ ಕಿತಾಪತಿ, ಮನೆಯ ಥಾಲಿಪೆಟ್ಟು, ಕೊನೆಗೆ ಅವನ ಸಿಟ್ಟು. ಅವನ ಸಿಟ್ಟನ್ನು ಬೈದು ದಕ್ಕಿಸಿಕೊಂಡವರು ಅವರೊಬ್ಬರೇ.

ಆ ಶನಿವಾರ ಅವರು ಮೊಣಕಾಲು ಒತ್ತಿಕೊಳ್ಳುತ್ತ ಹೇಳಿದರು: "ನಿನ್ನ ಹೀಟರ್ ಫ್ಯಾನ್ ಬೀಸಿಧಂಗ ತಣ್ಣಗ ಬೀಸಾಕತ್ತೇತಿ ಮಾಳು. ನಮ್ಮ ರಘುವೀರ ಮಾಸ್ತರು ಕಾರ್ ತಗೊಂಡಾರ. ಒಳಗ ಬೆಚ್ಚಗ ಇರತೈತಂತ. ಮುಂದಿನ ವಾರದಿಂದ ಅವರ ಕೂಡ ಬರೂಣು ಅಂತ ಮಾಡೇನಿ."

"ಒಂದ ವಾರ ತಡೀರಿ ಬಾಯಾರ. ಛಲೋ ಮಾಡಿ ತರ್ತೇನಿ."

ಗ್ಯಾರೇಜಿನ ಗುರುಪಾದ ಹೀಟರ್ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ. ಬಂದದ್ದು ಮತ್ತೆ ಅದೇ ತಣ್ಣನೆ ಗಾಳಿ. ನಿನ್ನ ಕೈಗೆ ಎತ್ತಿನ ಚಕ್ಕಡಿಯನ್ನೂ ಕೊಡಬಾರದು ಎಂದು ಮಾಳು ರೇಗಿದ. ಥಂಡಿ ಆದರೆ ಎಂಜಿನ್ ಮೇಲೆ ಹತ್ತಿ ಕುಂದ್ರು ಎಂದು ಗುರುಪಾದ ಬಾನೆಟ್ ಬಡಿದ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಮಾಳು ಮನೆ ಮುಂದೆ ಜೀಪು ನಿಲ್ಲಿಸಿಕೊಂಡು ತಾನೇ ನೋಡತೊಡಗಿದ. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ರೇಡಿಯೇಟರಿನಲ್ಲಿ ನೀರು ತುಂಬಿತ್ತು. ಹುನ್ನೂರಿನವರೆಗೆ ಓಡಿಸಿ ಬಂದು, ಹೀಟರಿಗೆ ಹೋಗುವ ಎರಡೂ ಪೈಪು ಮುಟ್ಟಿದ. ಒಂದು ಬಿಸಿ, ಒಂದು ತಣ್ಣಗಿದ್ದರೆ ಒಳಗೆ ಕಟ್ಟಿಕೊಂಡಿದೆ ಎಂದರ್ಥ. ಎರಡೂ ಒಂದೇ ಸಮ, ಉಗುರುಬೆಚ್ಚಗೆ ಇದ್ದವು. ಹಾಗಾದರೆ ನೀರೇ ಕಾಯುತ್ತಿಲ್ಲ. ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೂಡ ತಳ ಬಿಟ್ಟು ಎದ್ದಿರಲಿಲ್ಲ.

ಹೆಗಲ ಮೇಲಿನ ಕಂಬಳಿ ಮಡಚಿ ರೇಡಿಯೇಟರಿಗೆ ಅಡ್ಡ ಹಾಕಿ ಎಂಜಿನ್ ಚಾಲೂ ಮಾಡಿದ. ತುಸು ಹೊತ್ತಿಗೆ ಮುಳ್ಳು ಎದ್ದಿತು, ಬಿಸಿ ಗಾಳಿ ಬಂತು. ಆಗ ಹೊಳೆಯಿತು: ವಾಲ್ವ್! ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ವಾಲ್ವ್. ನಮ್ಮ ಕಡೆ ಗಾಡಿ ಬಂದರೆ ಪೂಜೆ ಮುಗಿದ ಮೇಲೆ ಮೊದಲು ಕೀಳುವುದು ಅದನ್ನೇ. ಈ ಬಿಸಿಲಿಗೆ ಅದೊಂದು ಕೇಡು ಎಂದು ಎಲ್ಲರ ನಂಬಿಕೆ. ಮಾಳುವೂ ಕಿತ್ತು ಎಸೆದು ಮರೆತುಬಿಟ್ಟಿದ್ದ.

ಜಮಖಂಡಿಯಿಂದ ಹೊಸ ವಾಲ್ವ್ ತಂದು ತಾನೇ ಹಾಕಿದ.

ಶನಿವಾರ ಜೀಪಿನ ಒಳಗೆ ಒಲೆ ಮುಂದೆ ಕೂತಂತಿತ್ತು. ತುಳಸಾಬಾಯಿ "ಅಗದೀ ಛಲೋ ಆತು ನೋಡಪಾ" ಎಂದು ಕಾಲು ಚಾಚಿದರು. ಊರು ದಾಟುವ ಮೊದಲೇ ಅವರ ತಲೆ ಕಿಟಕಿಗೆ ವಾಲಿತು. ಮಾಳು ಒಮ್ಮೆ ಕೆಮ್ಮಿದ. ಕಬ್ಬಿನ ಟ್ರ್ಯಾಕ್ಟರಿಗೆ ಬೇಕಿಲ್ಲದಿದ್ದರೂ ಹಾರ್ನ್ ಹೊಡೆದ. ಅವರು ಏಳಲಿಲ್ಲ.

ಜಮಖಂಡಿ ದಾಟಿದ ಮೇಲೆ ಅವನು ಹೀಟರಿನ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಬಿಸಿ ಇಳಿಸಿದ. ಸ್ವಲ್ಪ ಹೊತ್ತಿಗೆ ಅವರು ನಿದ್ದೆಯಲ್ಲೇ ಮೊಣಕಾಲು ಹಿಡಿದುಕೊಂಡು ನರಳಿದರು. ತನ್ನನ್ನೇ ಬೈದುಕೊಂಡು ಮಾಳು ಗುಂಡಿಯನ್ನು ಮತ್ತೆ ಪೂರ್ತಿ ಏರಿಸಿದ.

ಸಾಲೆಯ ಮುಂದೆ ಎಬ್ಬಿಸಿದಾಗ ಅವರ ಮುಖ ಕೆಂಪಗಾಗಿತ್ತು. "ಎಷ್ಟ ದಿನದ ಮ್ಯಾಲ ಹಿಂಗ ನಿದ್ದಿ ಬಂತು. ರಘುವೀರ ಮಾಸ್ತರಿಗೆ ಬರೂದಿಲ್ಲ ಅಂತ ಹೇಳಿಬಿಡ್ತೇನಿ. ಪ್ರತಿ ವಾರ ನಿನ್ನ ಗಾಡ್ಯಾಗಽ ಮಲಗತೇನಿ ನಾ."

"ಹೂಂರಿ" ಎಂದ ಮಾಳು.

ಕಂಬಳಿ ಹೊದಿಸಿ ವಾಲ್ವ್ ಹಿಡಿದ ಕಥೆಯನ್ನು ಅವರಿಗೆ ಹೇಳಬೇಕೆಂದು ವಾರವಿಡೀ ಜೋಡಿಸಿಕೊಂಡಿದ್ದ. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು, ಅವರು ಹುಡುಗರ ನಡುವೆ ನಡೆದುಹೋದರು. ಮಾಳು ಜೀಪು ತಿರುಗಿಸಿದ.